ಹೆಂಪ್ ಬೀಜದ ಉಂಡಿ ಕೆಟ್ಟಿತೇ? ತಪ್ಪು ಎಲ್ಲಾಗಿದೆ ಎಂದು ಹುಡುಕುವ ಬಗೆ

ಪಂಚಮಿ ಬಂತೆಂದರೆ ರಾಯಚೂರು ಕಡೆಯ ಮನೆಗಳಲ್ಲಿ ಉಂಡಿ ಕಟ್ಟುವುದು ಹೊಸದೇನಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಪುಟಾಣಿ ಹಿಟ್ಟಿನ ಉಂಡಿ, ಎಲ್ಲವನ್ನೂ ನಾವು ಕಣ್ಣಳತೆಯಲ್ಲೇ ಮಾಡುತ್ತೇವೆ. ನಾನು ಶೇಂಗಾ ಉಂಡಿಗೆ ಹೆಂಪ್ ಬೀಜ ಸೇರಿಸಲು ಶುರು ಮಾಡಿದ ಮೇಲೆ ಮಾತ್ರ ಕಣ್ಣಳತೆ ಕೈಕೊಟ್ಟಿತು. ಮೊದಲ ಮೂರು ಸಲ ಮೂರು ಬಗೆಯಲ್ಲಿ ಕೆಟ್ಟಿತು: ಒಮ್ಮೆ ಕಮಟು, ಒಮ್ಮೆ ಎಣ್ಣೆ ಬಿಟ್ಟು ಮುದ್ದೆ, ಒಮ್ಮೆ ಹಲ್ಲಿಗೆ ಕರಕರ. ಪ್ರತಿ ಸಲವೂ ಬೆಲ್ಲದ ಮೇಲೆ ತಪ್ಪು ಹೊರಿಸಿದ್ದೆ. ಬೆಲ್ಲದ್ದು ಒಮ್ಮೆಯೂ ತಪ್ಪಿರಲಿಲ್ಲ. ಆಮೇಲೆ ಒಂದೊಂದೇ ಪದಾರ್ಥವನ್ನು ಬೇರೆ ಮಾಡಿ ನೋಡುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಬರಹ ಬೀಜದ ಬಗ್ಗೆ ಮಾತ್ರ. ಸೊಪ್ಪು, ಹೂವು, ಮೊಗ್ಗು ಹಾಕಿ ಮಾಡುವ ತಿನಿಸಿನ ಬಗ್ಗೆ ಅಲ್ಲ. ಗಾಂಜಾ ಮತ್ತು ಹೆಂಪ್ ಒಂದೇ ಜಾತಿಯ ಗಿಡ, ಆದರೆ ನಶೆ ಬರಿಸುವ ಟಿಎಚ್‌ಸಿ ಇರುವುದು ಮುಖ್ಯವಾಗಿ ಹೆಣ್ಣು ಹೂವಿನ ಸುತ್ತಲಿನ ಅಂಟಿನಲ್ಲಿ. ಬೀಜದ ತಿರುಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 1985ರ ಮಾದಕ ವಸ್ತು ಕಾಯ್ದೆಯೂ ಗಾಂಜಾ ಎಂದು ಹೇಳುವುದು ಹೂ ಅಥವಾ ಕಾಯಿ ಕಟ್ಟಿದ ತುದಿಗಳಿಗೆ. ಆ ತುದಿಗಳ ಜೊತೆಗಿಲ್ಲದ ಬೀಜವನ್ನು ಅದರಿಂದ ಹೊರಗಿಟ್ಟಿದೆ. 2021ರ ನವೆಂಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಅದರ ಎಣ್ಣೆ, ಅದರ ಹಿಟ್ಟು ಮೂರನ್ನೂ ಆಹಾರವೆಂದು ಒಪ್ಪಿತು. ಉತ್ತರಾಖಂಡದ ಗುಡ್ಡಗಾಡಿನ ಮನೆಗಳಲ್ಲಿ ಈ ಬೀಜವನ್ನು ಹುರಿದು ಚಟ್ನಿ ಅರೆಯುವುದು ಹಳೆಯ ರೂಢಿ. ನಮಗೆ ಅಗಸಿ ಹಿಂಡಿ ಹೇಗೋ ಅವರಿಗೆ ಅದು ಹಾಗೆ.

ಬೀಜ ಯಾವುದು, ಮೊದಲು ಅದನ್ನು ನೋಡಿ

ಉಂಡಿ ಕೆಟ್ಟಿದ್ದಕ್ಕಿಂತ ದೊಡ್ಡ ಅಪಾಯ ಇಲ್ಲಿದೆ, ಆದ್ದರಿಂದ ಇದನ್ನೇ ಮೊದಲು ಹೇಳುತ್ತೇನೆ. ಸಿಂಧನೂರಿನ ಕಡೆ ಇರುವ ನನ್ನ ತಮ್ಮನ ಹೆಂಡತಿ ಒಂದು ದಿನ ಫೋನ್ ಮಾಡಿದಳು. “ಅಕ್ಕಾ, ನೀವು ಉಂಡಿಗೆ ಹಾಕೋದು ಸೆಣಬಿನ ಬೀಜ ಅಂತಲ್ಲ? ನಮ್ಮ ಮನ್ಯಾಗ ಗದ್ದಿಗೆ ಹಾಕಾಕ ತಂದಿದ್ದು ಅರ್ಧ ಚೀಲ ಉಳದೈತಿ. ಅದನ್ನ ಹಾಕಿದ್ರ ಆಗಂಗಿಲ್ಲೇನು?”

“ಬ್ಯಾಡವ್ವಾ, ಅದನ್ನ ಬಾಯಾಗ ಸೈತ ಹಾಕಬ್ಯಾಡ” ಅಂದೆ. ಹೇಳುವಾಗ ನನ್ನ ಕೈ ನಡುಗಿತ್ತು.

ತುಂಗಭದ್ರಾ ನೀರಾವರಿಯ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಭತ್ತಕ್ಕೆ ಮುಂಚೆ ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಸೆಣಬು ಬೇರೆಯೇ ಗಿಡ. ಅದು ಹಳದಿ ಹೂ ಬಿಡುವ, ಕಾಳಿನ ಜಾತಿಯ ಬೆಳೆ. ಅದರ ಬೀಜದಲ್ಲಿ ಪಿತ್ತಜನಕಾಂಗಕ್ಕೆ ಹಾನಿ ಮಾಡುವ ವಿಷಾಂಶಗಳಿವೆ. ಹುರಿದರೂ ಬೇಯಿಸಿದರೂ ಅದನ್ನು ತಿನ್ನುವ ಪದಾರ್ಥವೆಂದು ನಂಬಬಾರದು. ಮೇಲಾಗಿ ಬಿತ್ತನೆ ಬೀಜಕ್ಕೆ ಔಷಧಿ ಸವರಿರುವುದೂ ಉಂಟು. ಇಂಗ್ಲಿಷಿನಿಂದ ಬಂದ ಲೇಖನಗಳಲ್ಲಿ ಹೆಂಪ್ ಎಂಬುದನ್ನು ಸೆಣಬು ಎಂದೇ ಕನ್ನಡಿಸುತ್ತಾರೆ, ಈ ಗೊಂದಲ ಹುಟ್ಟುವುದು ಅಲ್ಲಿಂದ. ದಯವಿಟ್ಟು ಉಂಡಿಯ ಮಾತು ಬಂದಾಗ ಹೆಂಪ್ ಎಂದೇ ಅನ್ನಿ.

ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಗದ್ದೆಯ ಸೆಣಬಿನ ಬೀಜ ಮೂತ್ರಪಿಂಡದ ಆಕಾರದ್ದು, ಒಂದು ಕಡೆ ಒಳಕ್ಕೆ ಬಾಗಿರುತ್ತದೆ, ಚಪ್ಪಟೆ, ನುಣುಪು, ಬಣ್ಣ ಕಪ್ಪು ಮಿಶ್ರಿತ ಬೂದು. ಸಿಪ್ಪೆ ಸಹಿತ ಹೆಂಪ್ ಬೀಜ ಜೋಳದ ಕಾಳಿಗಿಂತ ಸ್ವಲ್ಪ ಸಣ್ಣದು, ದುಂಡಗೆ, ಮೈಮೇಲೆ ಬಲೆ ಹೆಣೆದ ಹಾಗೆ ಕಂದು ಗೆರೆಗಳಿರುತ್ತವೆ. ಉಗುರಿನಿಂದ ಒತ್ತಿದರೆ ತೆಳು ಚಿಪ್ಪು ಒಡೆದು ಬೆಣ್ಣೆ ಬಣ್ಣದ ತಿರುಳು ಬರುತ್ತದೆ. ಸಿಪ್ಪೆ ತೆಗೆದದ್ದಾದರೆ ಎಳ್ಳಿಗಿಂತ ತುಸು ದಪ್ಪ, ಬಿಳಿ, ಅಲ್ಲಲ್ಲಿ ತಿಳಿ ಹಸಿರು. ಇಷ್ಟು ನೋಡಿದರೂ ಅನುಮಾನ ಉಳಿದರೆ ಆ ಬೀಜ ಬೇಡ. ಬಿಡಿಯಾಗಿ ತೂಗಿ ಕೊಡುವುದನ್ನು ಕೊಳ್ಳದೆ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಮತ್ತು ತಯಾರಿಕೆಯ ತಾರೀಖು ಎರಡೂ ಇರುವ ಪ್ಯಾಕೆಟ್ ಕೊಳ್ಳಿ.

ನನ್ನ ಅಳತೆ

ತಪ್ಪು ಹುಡುಕಲು ಮೊದಲು ಅಳತೆ ಒಂದೇ ಇರಬೇಕು. ಒಂದೊಂದು ಸಲ ಒಂದೊಂದು ಬಗೆ ಮಾಡಿದರೆ ಯಾವುದರಿಂದ ಕೆಟ್ಟಿತೆಂದು ಎಂದಿಗೂ ಗೊತ್ತಾಗುವುದಿಲ್ಲ. ನನ್ನದು ಇದು: ಹುರಿದು ಸಿಪ್ಪೆ ತೆಗೆದ ಶೇಂಗಾ 250 ಗ್ರಾಂ, ಹೆಂಪ್ ಬೀಜ 100 ಗ್ರಾಂ, ಬೆಲ್ಲ 200 ಗ್ರಾಂ, ತುಪ್ಪ 20 ಗ್ರಾಂ, ಏಲಕ್ಕಿ. ತಲಾ 25 ಗ್ರಾಂ ತೂಗಿ ಕಟ್ಟಿದರೆ 22 ಉಂಡಿ ಆಗುತ್ತವೆ, ಒಂದೊಂದರಲ್ಲಿ ಹೆಂಪ್ ಬೀಜ ಸುಮಾರು ನಾಲ್ಕೂವರೆ ಗ್ರಾಂ. ಅಡುಗೆ ತಕ್ಕಡಿ ಇಲ್ಲದಿದ್ದರೆ ಒಂದು ಕೊಂಡುಕೊಳ್ಳಿ. ಇಷ್ಟು ಹೇಳಿದ ಮೇಲೆ ಕೆಡುಕಿಗೆ ಬರೋಣ.

ಕಮಟು, ಕಹಿ, ಬಣ್ಣದ ಡಬ್ಬಿಯ ವಾಸನೆ

ಹತ್ತರಲ್ಲಿ ಏಳು ಸಲ ದೂರು ಇದೇ. ನನಗೆ ಆದದ್ದು ಮೇ ತಿಂಗಳಲ್ಲಿ. ಆ ವಾರ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿತ್ತು, ಅಡುಗೆಮನೆಯ ಗೋಡೆ ಮುಟ್ಟಿದರೆ ರಾತ್ರಿ ಹತ್ತಕ್ಕೂ ಬೆಚ್ಚಗಿರುತ್ತಿತ್ತು. ಉಂಡಿ ಕಟ್ಟಿ ಸ್ಟೀಲ್ ಡಬ್ಬಿಗೆ ತುಂಬಿ ಒಲೆಯ ಮೇಲಿನ ಅಟ್ಟಣಿಗೆಯಲ್ಲಿಟ್ಟೆ. ಮೂರು ದಿನ ಚೆನ್ನಾಗಿದ್ದವು. ಎಂಟನೆಯ ದಿನ ಮಗಳು ಅರ್ಧ ಕಚ್ಚಿ ಉಗುಳಿ, “ಅವ್ವಾ, ಕಿಟಕಿಗೆ ಬಣ್ಣ ಹೊಡದಂಗ ವಾಸನಿ ಬರ್ತೈತಿ” ಅಂದಳು.

ಆ ಮಾತೇ ಸರಿಯಾದ ಸುಳಿವಾಗಿತ್ತು. ಅಗಸಿ ಎಣ್ಣೆಯನ್ನು ಬಣ್ಣ ಕಲಸಲು ಬಳಸುವುದು ಅದು ಗಾಳಿ ಸೋಕಿ ಬೇಗ ಗಟ್ಟಿಯಾಗುತ್ತದೆಂದು. ಹೆಂಪ್ ಬೀಜದ ಎಣ್ಣೆಯೂ ಅದೇ ಸ್ವಭಾವದ್ದು. ಸಿಪ್ಪೆ ಸಹಿತ ಬೀಜದ ತೂಕದಲ್ಲಿ ಮೂರನೆಯ ಒಂದು ಪಾಲು ಎಣ್ಣೆ, ಸಿಪ್ಪೆ ತೆಗೆದದ್ದರಲ್ಲಿ ಹತ್ತಿರ ಹತ್ತಿರ ಅರ್ಧ. ಆ ಎಣ್ಣೆಯ ಬಹುಪಾಲು ಒಮೆಗಾ-6 ಮತ್ತು ಒಮೆಗಾ-3. ಮೈಗೆ ಒಳ್ಳೆಯದೆಂದು ಹೊಗಳುವ ಈ ಕೊಬ್ಬುಗಳೇ ಬಿಸಿ, ಬೆಳಕು, ಗಾಳಿ ತಾಗಿದರೆ ಎಲ್ಲಕ್ಕಿಂತ ಮೊದಲು ಕೆಡುವಂಥವು. ಶೇಂಗಾ ಎಣ್ಣೆ ಇಷ್ಟು ನಾಜೂಕಲ್ಲ. ನಾವು ಶೇಂಗಾ ಉಂಡಿಯ ರೂಢಿಯಲ್ಲೇ ಹುರಿದು, ಅದೇ ರೂಢಿಯಲ್ಲೇ ಇಡುತ್ತೇವೆ. ತಪ್ಪುವುದು ಅಲ್ಲೇ.

ಕಮಟು ಎಲ್ಲಿಂದ ಬಂತೆಂದು ತಿಳಿಯಲು ನಾನು ಮಾಡುವ ಪರೀಕ್ಷೆ ಹೀಗಿದೆ. ನಾಲ್ಕು ಬಟ್ಟಲು ತೆಗೆದುಕೊಂಡು ಒಂದರಲ್ಲಿ ಪ್ಯಾಕೆಟ್‌ನಲ್ಲಿ ಉಳಿದ ಹಸಿ ಹೆಂಪ್ ಬೀಜ, ಇನ್ನೊಂದರಲ್ಲಿ ಶೇಂಗಾ, ಮೂರನೆಯದರಲ್ಲಿ ಬೆಲ್ಲದ ಚೂರು, ನಾಲ್ಕನೆಯದರಲ್ಲಿ ತುಪ್ಪ ಇಡುತ್ತೇನೆ. ಪ್ರತಿಯೊಂದನ್ನೂ ತಿಂದು ನಡುವೆ ನೀರು ಮುಕ್ಕಳಿಸಬೇಕು. ಬೀಜವನ್ನು ಮಾತ್ರ ತಿನ್ನುವ ಮೊದಲು ಅಂಗೈ ನಡುವೆ ಹತ್ತು ಎಣಿಸುವ ತನಕ ಉಜ್ಜಿ ಮೂಸಿ ನೋಡಿ, ಕೈ ಬಿಸಿಗೆ ವಾಸನೆ ಮೇಲೇಳುತ್ತದೆ. ಒಳ್ಳೆಯ ಬೀಜ ಹಸಿ ಹುಲ್ಲು ಮತ್ತು ಹಸಿ ಗೋಡಂಬಿ ಬೆರೆತಂತೆ ಇರುತ್ತದೆ. ಕೆಟ್ಟದ್ದು ಬಣ್ಣದ ಹಾಗೆ, ಇಲ್ಲವೇ ಒಣ ಮೀನಿನ ಹಾಗೆ ಮೂಗಿಗೆ ಹೊಡೆಯುತ್ತದೆ. ನುಂಗಿದ ಮೇಲೆ ಗಂಟಲ ಹಿಂದೆ ಕೆರೆತ ಉಳಿಯುತ್ತದೆ.

ಹಸಿ ಬೀಜವೇ ಕಮಟಾಗಿದ್ದರೆ ತಪ್ಪು ನಿಮ್ಮದಲ್ಲ, ಬಂದದ್ದೇ ಹಳೆಯ ಮಾಲು. ಹುರಿದರೆ ಸರಿಹೋದೀತು, ಏಲಕ್ಕಿ ಜಾಸ್ತಿ ಹಾಕಿದರೆ ಮುಚ್ಚೀತು ಎಂದುಕೊಳ್ಳಬೇಡಿ. ಕಮಟು ಹಿಂದಕ್ಕೆ ಹೋಗುವುದಿಲ್ಲ. ಹಸಿ ಬೀಜ ಚೆನ್ನಾಗಿದ್ದು ಉಂಡಿ ಕಟ್ಟಿದ ದಿನವೇ ಕಹಿ ಇದ್ದರೆ ಹುರಿದದ್ದು ಹೆಚ್ಚಾಗಿದೆ. ಮೊದಮೊದಲು ಚೆನ್ನಾಗಿದ್ದು ದಿನ ಕಳೆದಂತೆ ಕೆಟ್ಟರೆ ಇಟ್ಟ ಜಾಗ ತಪ್ಪು. ಈ ಮೂರರಲ್ಲಿ ಯಾವುದೆಂದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಹುರಿಯುವುದರ ಬಗ್ಗೆ: ಶೇಂಗಾ ಹುರಿದ ಹಂಚು ಕಾದೇ ಇರುತ್ತದೆ, ಅದಕ್ಕೇ ಹೆಂಪ್ ಬೀಜ ಸುರಿಯುವುದು ನಮ್ಮ ಕೈ ಅಭ್ಯಾಸ. ಹಾಗೆ ಮಾಡಬೇಡಿ. ಹಂಚು ಆರಲಿ. ಸಣ್ಣ ಉರಿಯಲ್ಲಿ ಸಿಪ್ಪೆ ಸಹಿತ ಬೀಜವನ್ನು ಕೈ ಬಿಡದೆ ಆಡಿಸುತ್ತ ಮೂರ್ನಾಲ್ಕು ನಿಮಿಷ, ಮೊದಲ ನಾಲ್ಕೈದು ಕಾಳು ಚಟಪಟ ಅಂದ ಕೂಡಲೇ ಅಗಲ ತಟ್ಟೆಗೆ ಸುರಿದುಬಿಡಿ. ಹಂಚಿನಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ. ಸಿಪ್ಪೆ ತೆಗೆದ ಬೀಜವನ್ನು ನಾನು ಹುರಿಯುವುದೇ ಇಲ್ಲ. ಪಾಕ ಇಳಿಸಿ ಒಂದು ನಿಮಿಷ ಆರಿದ ಮೇಲೆ ಹಸಿಯಾಗಿಯೇ ಸೇರಿಸುತ್ತೇನೆ. ಹೆಂಪ್ ಎಣ್ಣೆ ಕೈಯಲ್ಲಿದ್ದರೆ ಅದರಲ್ಲಿ ಒಗ್ಗರಣೆ ಹಾಕುವ ಆಸೆ ಬೇಡ. ಅದು ಬೇಗ ಹೊಗೆಯಾಡುವ ಎಣ್ಣೆ, ಬಿಸಿ ರೊಟ್ಟಿಯ ಮೇಲೆ ಹಿಂಡಿಯ ಜೊತೆ ಹಸಿಯಾಗಿ ಹಾಕಿಕೊಳ್ಳುವುದಕ್ಕೇ ಸರಿ.

ಇಡುವುದರ ಬಗ್ಗೆ: ಬಿಸಿ ಹತ್ತು ಡಿಗ್ರಿ ಏರಿದರೆ ಕೆಡುವ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಒರಟು ಲೆಕ್ಕ. ಬೆಂಗಳೂರಿನ ಅಡುಗೆಮನೆಯಲ್ಲಿ ಮೂರು ವಾರ ಬಾಳುವ ಉಂಡಿ ನಮ್ಮ ಬೇಸಿಗೆಯಲ್ಲಿ ವಾರವೂ ತಡೆಯದೇ ಇರುವುದು ಅದಕ್ಕೇ. ಬೇರೆ ಊರಿನವರು ಬರೆದ ತಾರೀಖನ್ನು ನಂಬಬೇಡಿ. ಒಡೆದ ಪ್ಯಾಕೆಟ್ ಫ್ರಿಜ್‌ನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಕಟ್ಟಿದ ಉಂಡಿಯೂ ಅಲ್ಲೇ. ಕಿಟಕಿ ಬಳಿ ಗಾಜಿನ ಜಾಡಿಯಲ್ಲಿಟ್ಟರೆ ನೋಡಲು ಚೆಂದ, ಆದರೆ ಬೀಜದಲ್ಲಿರುವ ಹಸಿರಿನ ಮೇಲೆ ಬೆಳಕು ಬಿದ್ದರೆ ಎಣ್ಣೆ ಇನ್ನೂ ಬೇಗ ಕೆಡುತ್ತದೆ. ತಾಮ್ರದ ಪಾತ್ರೆ ಬೇಡವೇ ಬೇಡ. ಪುಡಿ ಮಾಡಿದ ಬೀಜಕ್ಕೆ ಗಾಳಿ ಎಲ್ಲ ಕಡೆಯಿಂದ ತಾಗುವುದರಿಂದ ಅಂದಂದಿಗೆ ಬೇಕಾದಷ್ಟೇ ಪುಡಿ ಮಾಡಿ. ಬೇಸಿಗೆಯಲ್ಲಿ ನಾನು ಪೂರ್ತಿ ಅಳತೆ ಬಿಟ್ಟು ಅರ್ಧ ಅಳತೆ, ಹನ್ನೊಂದೇ ಉಂಡಿ ಕಟ್ಟುತ್ತೇನೆ.

ಎಣ್ಣೆ ಬಿಟ್ಟು ಮುದ್ದೆಯಾದರೆ, ಉದುರಿದರೆ, ಕಲ್ಲಾದರೆ

ಇಲ್ಲಿ ಮೊದಲು ಮಿಕ್ಸರ್ ನೋಡಿ, ಪಾಕ ಆಮೇಲೆ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆ, ಹೆಂಪ್‌ನಲ್ಲಿ ಮೂರನೆಯ ಒಂದರಿಂದ ಅರ್ಧದ ತನಕ. ಎರಡನ್ನೂ ಕೂಡಿಸಿ ಒಂದೇ ಸಮನೆ ಮಿಕ್ಸರ್ ಓಡಿಸಿದರೆ ಅರ್ಧ ನಿಮಿಷದಲ್ಲಿ ಜಾರಿನ ಗೋಡೆಗೆ ಹೊಳೆಯುವ ಪದರ ಅಂಟಿ, ಪುಡಿ ಹೋಗಿ ಮುದ್ದೆಯಾಗುತ್ತದೆ. ಬೇರೆ ಬೇರೆ ಹಾಕಿ, ಎರಡೆರಡು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರು ಅಲುಗಿಸಿ. ಹುರಿದದ್ದು ಪೂರ್ತಿ ಆರಿರಬೇಕು. ಅತ್ತಿಯವರು ಒರಳಲ್ಲಿ ಕುಟ್ಟುತ್ತಿದ್ದಾಗ ಈ ತೊಂದರೆ ಇರಲಿಲ್ಲ, ಏಕೆಂದರೆ ಒರಳು ಬಿಸಿಯಾಗುವುದಿಲ್ಲ. ಈಗಾಗಲೇ ಮುದ್ದೆಯಾಗಿದ್ದರೆ ಎರಡು ಮೂರು ಚಮಚ ಪುಟಾಣಿ ಹಿಟ್ಟು ಸೇರಿಸಿ ಕಾಲು ಗಂಟೆ ಬಿಡಿ, ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ. ತುಪ್ಪವನ್ನು ಆ ಸಲ ಬಿಟ್ಟುಬಿಡಿ.

ಪಾಕದ್ದು ಎಲ್ಲರಿಗೂ ಗೊತ್ತಿರುವುದೇ. ನೀರಿಗೆ ಹನಿ ಬಿಟ್ಟರೆ ಮೆತ್ತಗೆ ಗುಂಡಾಗಿ ಬೆರಳಿಗೆ ಸಿಗಬೇಕು. ಕರಗಿದರೆ ಉಂಡಿ ಉದುರುತ್ತದೆ, ಟಣ್ ಎಂದು ಮುರಿದರೆ ಅದು ಚಿಕ್ಕಿಯ ಪಾಕ, ಉಂಡಿ ಕಲ್ಲಾಗುತ್ತದೆ.

ಹಲ್ಲಿಗೆ ಕರಕರ

ಕರಕರ ಎರಡು ಬಗೆ. ಕಚ್ಚಿದಾಗ ಹಲ್ಲಿನಡಿ ಪುಡಿಯಾದರೆ ಅದು ಬೀಜದ ಚಿಪ್ಪು. ಪುಡಿಯಾಗದೆ ಜುಮ್ ಎಂದರೆ ಮಣ್ಣು ಅಥವಾ ಹರಳು. ಚಿಪ್ಪಾದರೆ ಪುಡಿಯನ್ನು ಜರಡಿ ಹಿಡಿದು ಮೇಲುಳಿದದ್ದನ್ನು ಮತ್ತೊಮ್ಮೆ ಮಿಕ್ಸರ್‌ಗೆ ಹಾಕಿ, ಆಮೇಲೂ ಉಳಿದರೆ ತೆಗೆದುಬಿಡಿ. ಹಲ್ಲಿಲ್ಲದ ನಮ್ಮವ್ವನಿಗಾಗಿ ನಾನು ಸಿಪ್ಪೆ ತೆಗೆದ ಬೀಜವನ್ನೇ ತರುತ್ತೇನೆ, ಬೆಲೆ ಹೆಚ್ಚು, ಆದರೆ ಆಕೆ ಉಂಡಿಯನ್ನು ನಾಲಿಗೆಯಲ್ಲೇ ಕರಗಿಸಿ ತಿನ್ನುವುದನ್ನು ನೋಡಿದರೆ ಅದು ದುಬಾರಿ ಅನ್ನಿಸುವುದಿಲ್ಲ. ಮಣ್ಣಾದರೆ ಹುರಿಯುವ ಮೊದಲೇ ಮೊರದಲ್ಲಿ ಕೇರಬೇಕಿತ್ತು, ಈಗ ಮಾಡುವುದೇನೂ ಇಲ್ಲ.

“ತಲೆ ತಿರುಗಿದಂಗಾತು” ಎಂದರೆ

ಈ ದೂರನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹೆಸರು ಕೇಳಿದ ಅಂಜಿಕೆಗೇ ಹಾಗಾಯಿತೆಂದು ಸುಮ್ಮನಾಗಲೂಬಾರದು. ತಿನ್ನುವ ಹೆಂಪ್ ಬೀಜದಲ್ಲಿ ಟಿಎಚ್‌ಸಿ ಕೆಜಿಗೆ 5 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಲೆಕ್ಕ ಹಾಕಿ: ನಾಲ್ಕೂವರೆ ಗ್ರಾಂ ಬೀಜವಿರುವ ಒಂದು ಉಂಡಿಯಲ್ಲಿ, ಮಿತಿಯ ತುದಿ ಮುಟ್ಟಿದ ಬೀಜವಾದರೂ, 0.0225 ಮಿಲಿಗ್ರಾಂ. ಗಾಂಜಾ ತಿನಿಸು ಕಾನೂನುಬದ್ಧವಾಗಿರುವ ದೇಶಗಳಲ್ಲಿ ಕಡಿಮೆ ಪ್ರಮಾಣ ಎಂದು ಮಾರುವುದೇ ಎರಡೂವರೆ, ಐದು ಮಿಲಿಗ್ರಾಂ. ಎರಡೂವರೆ ಆಗಲು ಇಂಥ ಉಂಡಿ ನೂರಕ್ಕೂ ಹೆಚ್ಚು ತಿನ್ನಬೇಕು. ಆದ್ದರಿಂದ ನಿಯಮದೊಳಗಿನ ಬೀಜದ ಒಂದೆರಡು ಉಂಡಿಯಿಂದ ನಶೆ ಏರುವುದಿಲ್ಲ.

ಹಾಗಿದ್ದೂ ಯಾರಿಗಾದರೂ ನಿಜಕ್ಕೂ ಅಮಲು ಬಂದಂತಾದರೆ ಬೀಜ ಶುದ್ಧವಿರಲಿಲ್ಲ ಎಂದೇ ಹಿಡಿಯಿರಿ. ಬೀಜಕ್ಕೆ ಟಿಎಚ್‌ಸಿ ಬರುವುದು ಹೊರಗಿನಿಂದ: ಅದನ್ನು ಸುತ್ತಿಕೊಂಡಿದ್ದ ಎಸಳು, ಎಲೆಚೂರು, ಅಂಟು. ಪ್ಯಾಕೆಟ್‌ನ ಬೀಜವನ್ನು ಬಿಳಿ ಹಾಳೆಯ ಮೇಲೆ ಹರಡಿ ಹಸಿರು ಕಂದು ಹೊಟ್ಟು, ಪುಡಿ, ಬೆರಳಿಗೆ ಅಂಟುವ ಜಿಗುಟು ಇದೆಯೇ ನೋಡಿ. ಇದ್ದರೆ ತೊಳೆದು ಬಳಸುವ ಲೆಕ್ಕಾಚಾರ ಬೇಡ, ಪೂರ್ತಿ ಬಿಟ್ಟುಬಿಡಿ. ಮನೆಯಲ್ಲಿ ಮತ್ಯಾರಾದರೂ ಆ ದಿನ ಬೇರೇನಾದರೂ ಬೆರೆಸಿದರೇ ಎಂದು ನೇರವಾಗಿ ಕೇಳಿ. ಕೇಳಲು ಸಂಕೋಚಪಡಬೇಡಿ.

ತಿಂದ ಗಾಂಜಾ ಸೇದಿದ್ದರ ಹಾಗೆ ತಕ್ಷಣ ಏರುವುದಿಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ, ಪಿತ್ತಜನಕಾಂಗ ದಾಟುವಾಗ ಇನ್ನೂ ಜೋರಾದ ರೂಪಕ್ಕೆ ತಿರುಗುತ್ತದೆ, ಹಲವು ಗಂಟೆ ಇರುತ್ತದೆ. ಏನೂ ಆಗಲಿಲ್ಲವೆಂದು ಇನ್ನೊಂದು ತಿನ್ನುವವರು ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಹೀಗೆಯೇ. ಹಾಗಾದವರನ್ನು ಒಬ್ಬಂಟಿ ಬಿಡಬೇಡಿ, ಗಾಡಿ ಓಡಿಸಲು ಕೊಡಬೇಡಿ, ಅಮಲು ಇಳಿಸಲೆಂದು ಹುಳಿಮಜ್ಜಿಗೆ ಕುಡಿಸುತ್ತ ಹೊತ್ತು ಕಳೆಯಬೇಡಿ. ಮಗು ತಿಂದಿದ್ದರೆ, ಯಾರಿಗಾದರೂ ಎದೆ ಬಡಿತ ಜೋರಾಗಿದ್ದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ 108ಕ್ಕೆ ಫೋನ್ ಮಾಡಿ. ಉಳಿದ ಉಂಡಿ ಮತ್ತು ಪ್ಯಾಕೆಟ್ ಎರಡನ್ನೂ ಆಸ್ಪತ್ರೆಗೆ ಒಯ್ಯಿರಿ, ಏನು ತಿಂದರೆಂದು ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಹೊಟ್ಟೆ ಕೆಟ್ಟರೆ, ಮೈ ಕೆರೆದರೆ

ಎಣ್ಣೆ, ನಾರು ಎರಡೂ ಹೆಚ್ಚಿರುವ ಬೀಜವಾದ್ದರಿಂದ ಮೊದಲ ದಿನವೇ ಮೂರು ಉಂಡಿ ತಿಂದರೆ ಹೊಟ್ಟೆ ಸಡಿಲಾಗಬಹುದು. ಮೊದಲ ವಾರ ದಿನಕ್ಕೊಂದು ಸಾಕು. ಆದರೆ ಒಂದೇ ತಿಂದವರಿಗೆ ತೊಂದರೆಯಾಗಿ ಮೂರು ತಿಂದವರಿಗೆ ಏನೂ ಆಗದಿದ್ದರೆ ಬೆರೆಸಿದ್ದು ಸಮವಾಗಿಲ್ಲದೆಯೂ ಇರಬಹುದು. ಆಗ ನಾನು ಹೀಗೆ ಮಾಡುತ್ತೇನೆ: ಹೆಂಪ್ ಪುಡಿಗೆ ಮೊದಲು ಅದರಷ್ಟೇ ಶೇಂಗಾ ಪುಡಿ ಹಾಕಿ ಕೈಯಿಂದ ಚೆನ್ನಾಗಿ ತಿಕ್ಕುತ್ತೇನೆ, ಉಳಿದ ಶೇಂಗಾವನ್ನು ಆಮೇಲೆ ಸೇರಿಸಿ ಮತ್ತೆ ತಿಕ್ಕುತ್ತೇನೆ. ಎಲ್ಲವನ್ನೂ ಒಮ್ಮೆಲೇ ಸುರಿದು ಚಮಚದಲ್ಲಿ ತಿರುವಿದರೆ ಒಂದು ಮೂಲೆಯಲ್ಲಿ ಹೆಂಪೇ ಗಂಟು ಕಟ್ಟಿರುತ್ತದೆ.

ತುಟಿ ಊದಿದರೆ, ಗಂಟಲು ಕೆರೆದರೆ, ಮೈಮೇಲೆ ಗಂಧೆ ಎದ್ದರೆ ಅದು ಅಲರ್ಜಿ. ಶೇಂಗಾಕ್ಕೂ ಆಗಬಹುದು, ಹೆಂಪ್‌ಗೂ ಆಗಬಹುದು. ಯಾವುದೆಂದು ಮನೆಯಲ್ಲಿ ತಿಂದು ಪರೀಕ್ಷೆ ಮಾಡಬೇಡಿ, ಉಸಿರಿಗೆ ತೊಂದರೆಯಾದರೆ ಒಂದು ನಿಮಿಷವೂ ತಡ ಬೇಡ. ಬಸುರಿಯರು, ರಕ್ತ ತೆಳುವಾಗಲು ಗುಳಿಗೆ ತೆಗೆದುಕೊಳ್ಳುವವರು ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಲಿ.

ಕೆಟ್ಟ ಬೀಜವನ್ನು ಏನು ಮಾಡುವುದು

ಸಿಪ್ಪೆ ಸಹಿತ ಬೀಜ ಕಮಟಾಗಿದೆ ಎಂದು ಹಿತ್ತಲಿಗೆ, ತಿಪ್ಪೆಗೆ ಎಸೆಯಬೇಡಿ. ಜೀವವಿರುವ ಒಂದು ಕಾಳಿದ್ದರೂ ಮಳೆ ಬಿದ್ದಾಗ ಮೊಳೆಯುತ್ತದೆ. ಪರವಾನಗಿ ಇಲ್ಲದೆ ಆ ಗಿಡ ಬೆಳೆಸುವುದು ಅಪರಾಧ, ತಾನಾಗಿ ಎದ್ದಿತೆಂದು ಹೇಳಿ ನಂಬಿಸುವುದು ಕಷ್ಟ. ಹತ್ತು ನಿಮಿಷ ನೀರಲ್ಲಿ ಕುದಿಸಿ, ಒರಳಿಗೆ ಹಾಕಿ ಜಜ್ಜಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ.